ಕೆರೆಯ ತಳದಲ್ಲಿ ಕುಳಿತವಳು

ಎಂಬತ್ತರ ದಶಕದ ನಡುವಿನಲ್ಲಿ ಮದುವೆಯಾಗಿ ಮಿಶ್ರಿಕೋಟಿ ಕಡೆಯ ಹಳ್ಳಿಗೆ ಬಂದೆ. ಮೊದಲ ಬೇಸಿಗೆಯಲ್ಲೇ ನನ್ನ ಭಾವ, ಅಂದರೆ ಗಂಡನ ಅಣ್ಣ, ನನ್ನ ತಲೆಯನ್ನು ದನ ನೀರು ಕುಡಿಯುವ ಕಲ್ಲುದೋಣಿಯೊಳಗೆ ಅದ್ದಿ ಹಿಡಿದ. ಗಬ್ಬದ ಎಮ್ಮೆಯನ್ನು ಬಡಿಯಬೇಡಿ ಅಂದದ್ದಕ್ಕೆ. ಬಿಟ್ಟಾಗ ಕೆಮ್ಮುತ್ತ ತಲೆಯೆತ್ತಿದರೆ ನನ್ನ ಗಂಡ ನೆಲ ನೋಡುತ್ತ ನಿಂತಿದ್ದ.

"ಈಗ ನಾಲಿಗಿ ತಣ್ಣಗ ಆತಿಲ್ಲೋ?" ಎಂದು ಭಾವ ನಕ್ಕ.

ಅದನ್ನು ಅವನಿಗೆ ತಿರುಗಿ ಕೊಡಬೇಕು. ರೊಟ್ಟಿ ಬಡಿಯುವಾಗಲೂ ನನಗೆ ಅದೊಂದೇ ಯೋಚನೆ.

ಊರ ಕೆರೆಯಲ್ಲಿ ತಾವರೆಗಡ್ಡೆ ಕೀಳುವ ಮುದುಕಿಯೊಬ್ಬಳಿದ್ದಳು, ಎಲ್ಲರಿಗೂ ಆಯಿ. ಗಡ್ಡೆಯನ್ನೆಲ್ಲ ದಂಡೆಗೆ ಹಾಕಿದ ಮೇಲೂ ಮತ್ತೆ ಮುಳುಗಿ ಎಷ್ಟೋ ಹೊತ್ತು ಏಳುತ್ತಿರಲಿಲ್ಲ. ಕೇಳಿದರೆ, "ಗಂಗವ್ವನ ಮುಂದ ಕುಂತಿದ್ದೆ" ಅನ್ನುವಳು; ಅವಳಿಗೆ ಕೆರೆಯ ನೀರೇ ದೇವರು, ಗಂಗವ್ವ. ತವರಿನ ಬಾವಿಯಲ್ಲಿ ಈಜು ಕಲಿತಿದ್ದ ನಾನು, ಇದನ್ನೂ ಕಲಿಸೆಂದು ಗಂಟುಬಿದ್ದೆ.

ಮೊದಮೊದಲು ಮುಳುಗಿದ ಕೂಡಲೇ ಭಾವನ ಮುಖ ಕಾಣುತ್ತಿತ್ತು. ಎದೆ ಹೊಡೆದುಕೊಂಡು ಮೇಲೆ ಬಂದುಬಿಡುತ್ತಿದ್ದೆ.

"ಯಾರನ್ನ ಹೊತಗೊಂಡ ಇಳಿಯಾಕತ್ತೀಬೇ?" ಅಂದಳು ಆಯಿ. "ಅವನ್ನ ದಂಡಿ ಮ್ಯಾಲ ಬಿಟ್ಟ ಬಾ."

ಬಿಡಲು ಕಲಿತೆ. ತಳದ ಕಲ್ಲು ಹಿಡಿದು ಕುಳಿತರೆ ಕೆಸರು ಪಾದವನ್ನು ತಂಪಾಗಿ ಅಪ್ಪುತ್ತಿತ್ತು. ಮೀನಮರಿಗಳು ಹಿಮ್ಮಡಿ ಕಚ್ಚುತ್ತಿದ್ದವು. ತಾವರೆದಂಟುಗಳ ನಡುವೆ ಹಸಿರು ಬೆಳಕು. ಎದೆಬಡಿತ ನಿಧಾನವಾಗಿ, ಅದು ನನ್ನದೋ ಕೆರೆಯದೋ ತಿಳಿಯದಂತಾಗುತ್ತಿತ್ತು. ದೇವರ ಮುಂದೆ ಕುಳಿತಾಗಲೂ ಅಂಥ ನೆಮ್ಮದಿ ನನಗೆ ಸಿಕ್ಕಿರಲಿಲ್ಲ. ಆದರೆ ಮೇಲೆ ಬಂದು ಸೀರೆ ಹಿಂಡುವಾಗ ಸಿಟ್ಟು ಅಲ್ಲೇ ಕಾದಿರುತ್ತಿತ್ತು. ಮರೆಯದೆ ಎತ್ತಿಕೊಂಡು ಮನೆಗೆ ಹೋಗುತ್ತಿದ್ದೆ.

ಮರುವರ್ಷ ಕಾರಹುಣ್ಣಿಮೆಗೆ ಭಾವ ಎತ್ತು ತೊಳೆಯಲು ಕೆರೆಗೆ ಬಂದ. ನಾನು ತಂದ ಬುತ್ತಿ ತಡವಾಯಿತೆಂದು, ಬಟ್ಟೆ ಒಗೆಯುತ್ತಿದ್ದ ಹೆಂಗಸರೆಲ್ಲರ ಎದುರು ನನ್ನನ್ನೂ ನನ್ನ ತವರನ್ನೂ ಬೈದ. "ಮತ್ತ ನೀರಾಗ ಅದ್ದಬೇಕೇನ ನಿನ್ನ?"

"ನೀವ್ಯಾಕ ತ್ರಾಸ ತಗೋತೀರಿ ಭಾವಾರ? ನಾನಽ ಮುಳಗತೀನಿ."

ಸೆರಗು ಬಿಗಿದು ನೀರಿಗಿಳಿದೆ.

ಮೇಲಿನ ಕೂಗು ಮಂದವಾಗಿ ಕೇಳುತ್ತಿತ್ತು. ಏಳಲಿಲ್ಲ. ಎದೆ ಉರಿಯತೊಡಗಿದ ಮೇಲೆ ತಳದಲ್ಲೇ ಸರಿದು ದೂರದ ತಾವರೆ ಎಲೆಗಳ ಮರೆಯಲ್ಲಿ ತಲೆಯೆತ್ತಿದೆ. ಭಾವ ಎದೆಮಟ್ಟದ ನೀರಿನಲ್ಲಿ ಕೈಯಾಡಿಸುತ್ತ ಅಳುತ್ತಿದ್ದ. "ಏಳವಾ ನನ್ನವ್ವಾ, ನಿನ್ನ ಕಾಲ ಬೀಳತೀನಿ!"

"ನೀನಽ ಕೊಂದಿ ಆಕೀನ! ಪೊಲೀಸರ ಮುಂದ ನಾ ಹೇಳತೀನಿ," ಎಂದು ದಂಡೆಯಿಂದ ಒಬ್ಬಾಕೆ ಕಿರುಚುತ್ತಿದ್ದಳು.

ಅವನು ಕಾಲು ಜಾರಿ ಮುಗ್ಗರಿಸಿದ, ನೀರು ಕುಡಿದ, ಕೆಮ್ಮಿದ. ಆ ಕೆಮ್ಮನ್ನು ಪೂರ್ತಿ ಕೇಳಿಸಿಕೊಂಡ ಮೇಲೆಯೇ ಅವನ ಎದುರಿಗೆ ಬಂದು ನಿಂತೆ.

"ಯಾಕ್ರಿ ಭಾವಾರ, ಉಸರ ಸಿಗವಲ್ದೇನ್ರಿ?"

ಅಂದಿನಿಂದ ಅವನು ನನ್ನ ಎದುರು ದನಿ ಎತ್ತಲಿಲ್ಲ. ಊರ ಹುಡುಗರು ಅವನನ್ನು ಕಂಡಾಗಲೆಲ್ಲ "ಏಳವಾ ನನ್ನವ್ವಾ" ಎಂದು ಅಣಕಿಸುತ್ತಿದ್ದರು. ನನಗೆ ಹಬ್ಬದೂಟ ಉಂಡಷ್ಟು ಹಿತವಾಗುತ್ತಿತ್ತು.

ಆಯಿಗೆ ಮಾತ್ರ ಬೇಸರ. "ಗಂಗವ್ವನ ಮುಂದ ಕುಂತು ಇನ್ನೊಬ್ಬರ್ನ ಅಳಸ್ತಾರೇನ?" ಅಂದಳು.

"ಅವ ಅಳಬೇಕಾಗಿತ್ತು ಆಯಿ," ಅಂದೆ.

ಆಕೆ ಗಡ್ಡೆಯ ಬುಟ್ಟಿಯನ್ನು ಪಕ್ಕಕ್ಕಿಟ್ಟು, ಬಾ ಎನ್ನುವಂತೆ ಕೈಮಾಡಿ ನೀರಿಗಿಳಿದಳು.