ಎಚ್ಚರಿಕೆ ತಲುಪದ ದೋಣಿ

ಮಹ್ದಿಯಾ ಬಂದರಿನ ಮೀನುಗಾರರ ಸಂಘದಲ್ಲಿ ಶಾದ್ಲಿಯಾ ಹನ್ನೊಂದು ವರ್ಷದಿಂದ ಇದ್ದಳು. ಬಲೆ ಹೆಣೆಯುವವನ ಮಗಳು. ಜಾವಾಸ್ಕ್ರಿಪ್ಟ್ ಎಂಬ ಕಂಪ್ಯೂಟರ್ ಭಾಷೆ ತಾನೇ ಕಲಿತು ಸಂಘದ ಜಾಲತಾಣ ಕಟ್ಟಿದವಳು. ಬಿರುಗಾಳಿಯ ಸೂಚನೆ ಬಂದಾಗ ಅವಳು ಒಂದು ಗುಂಡಿ ಒತ್ತಿದರೆ ಕಡಲಿಗಿಳಿದ ದೋಣಿಗಳಿಗೆಲ್ಲ ಸಂದೇಶ ಹೋಗುತ್ತಿತ್ತು.

ಮಾರ್ಚ್ ತಿಂಗಳ ಆ ಮಂಗಳವಾರ ಬೆಳಗ್ಗೆ ಹತ್ತಕ್ಕೆ ಒತ್ತಿದಳು. ಮಧ್ಯಾಹ್ನದೊಳಗೆ ಎಂಟು ದೋಣಿಗಳು ಬಂದು ಕಟ್ಟೆ ಸೇರಿದವು. ಒಂಬತ್ತನೆಯದು, ಮುದುಕ ಹಮ್ಮಾದಿಯವರ ‘ಅಮಾನ’, ಬರಲಿಲ್ಲ. ಫೋನೂ ಸಿಗಲಿಲ್ಲ.

“ಮುದುಕ ಫೋನ್ ನೋಡಿರಲ್ಲ ಬಿಡು. ಮೀನು ಬೀಳ್ತಿದ್ರೆ ಹೆಂಡ್ತಿ ಕೂಗಿದ್ರೂ ಅವನಿಗೆ ಕೇಳ್ಸಲ್ಲ,” ಎಂದ ಕಾರ್ಯದರ್ಶಿ ಮುಂಜಿ.

ಕಿಟಕಿಯ ಗಾಜು ಗಾಳಿಗೆ ಅದುರುತ್ತಿತ್ತು. ಶಾದ್ಲಿಯಾ ಕಳಿಸಿದ ಸಂದೇಶಗಳ ದಾಖಲೆ ತೆರೆದಳು. ಎಂಟೇ ಹೆಸರು. ‘ಅಮಾನ’ಕ್ಕೆ ಸಂದೇಶ ಹೋಗಿಯೇ ಇರಲಿಲ್ಲ.

ಸಂದೇಶ ಕಳಿಸಲು ತಾನು ಬರೆದ ಫಂಕ್ಷನ್, ಅಂದರೆ ಕೋಡಿನ ತುಣುಕು, ತೆಗೆದು ನೋಡಿದಳು. ಅದಕ್ಕೆ ಮೊದಲು ಎಚ್ಚರಿಕೆಯ ಮಾತು, ಹಿಂದೆಯೇ ದೋಣಿಗಳ ಹೆಸರು, ಹೀಗೆ ಸಾಲಾಗಿ ಕೊಡುವುದಿತ್ತು. ಆ ಭಾಷೆ ಸಾಲನ್ನು ಸೊನ್ನೆಯಿಂದ ಎಣಿಸುತ್ತದೆ. ಸೊನ್ನೆಯ ಜಾಗದಲ್ಲಿ ಮಾತು ಇದ್ದದ್ದರಿಂದ ಒಂದೊಂದೇ ಹೆಸರಿಗೆ ಸಂದೇಶ ಕಳಿಸುತ್ತ ಹೋಗುವ ಅವಳ ಲೂಪ್ ಒಂದರಿಂದ ಹೊರಡುತ್ತಿತ್ತು. ಹಿಂದಿನ ವಾರ ಅದನ್ನು ಚೊಕ್ಕ ಮಾಡುವಾಗ ಮಾತನ್ನು ಬೇರೆ ತೆಗೆದು, ಸಾಲಿನಲ್ಲಿ ಹೆಸರುಗಳನ್ನಷ್ಟೇ ಉಳಿಸಿದ್ದಳು. ಲೂಪನ್ನು ಮುಟ್ಟಿರಲಿಲ್ಲ. ಈಗ ಸೊನ್ನೆಯ ಜಾಗದಲ್ಲಿ ‘ಅಮಾನ’ ಕೂತಿತ್ತು, ಲೂಪ್ ಅದನ್ನು ಬಿಟ್ಟೇ ಹೊರಟಿತ್ತು.

ಅಷ್ಟರಲ್ಲಿ ‘ಅಮಾನ’ವನ್ನು ಹುಡುಕಲು ಹೊರಟಿದ್ದ ಕರಾವಳಿ ಕಾವಲಿನವರ ಫೋನ್ ಬಂತು. “ಅವರಿಗೆ ಎಚ್ಚರಿಕೆ ಮುಟ್ಟಿತ್ತಾ? ಮುಟ್ಟಿದ್ರೆ ವಾಪಸ್ ಬರೋ ದಾರೀಲಿ ಹುಡುಕ್ತೀವಿ.”

ಮುಂಜಿ ಅವಳ ಮುಖ ನೋಡಿಯೇ ಅರ್ಥ ಮಾಡಿಕೊಂಡಿದ್ದ. “ಕಳ್ಸಿದ್ವಿ ಅನ್ನು,” ಎಂದು ಪಿಸುಗುಟ್ಟಿದ. “ಸಂಘದ ಮಾನ ಹೋಗುತ್ತೆ, ತಂಗಿ.”

ಶಾದ್ಲಿಯಾ ಫೋನಿನಲ್ಲಿ, “ಇಲ್ಲ ಸರ್. ಮುಟ್ಟಿಲ್ಲ. ನನ್ನ ತಪ್ಪಿಂದ. ಅವರಿಗೆ ಗಾಳಿ ವಿಷ್ಯಾನೇ ಗೊತ್ತಿಲ್ಲ. ಬಲೆ ಹಾಕೋ ಜಾಗದಲ್ಲೇ ಹುಡುಕಿ, ಪೂರ್ವಕ್ಕೆ ನೀರೊಳಗಿರೋ ದಿಬ್ಬದ ಹತ್ರ,” ಎಂದಳು.

ಮೂರು ತಾಸು ಅವಳು ಕಟ್ಟೆಯ ಮೇಲೆ ನಿಂತೇ ಇದ್ದಳು. ಕಾವಲು ಹಡಗು ಬಂದಾಗ ಅದರಲ್ಲಿ ಹಮ್ಮಾದಿ ಮತ್ತು ಅವರ ಇಬ್ಬರು ಅಳಿಯಂದಿರು ಕಂಬಳಿ ಹೊದ್ದು ಕೂತಿದ್ದರು. ದಿಬ್ಬದ ಹತ್ತಿರವೇ ಸಿಕ್ಕಿದ್ದರು. ದೋಣಿ ಮುಳುಗಿತ್ತು.

“ಹಮ್ಮಾದಿ ಚಿಕ್ಕಪ್ಪ, ಸಂದೇಶ ನಿಮಗೆ ಹೋಗ್ಲೇ ಇಲ್ಲ. ನಾನು ಎಣಿಸೋದ್ರಲ್ಲಿ ತಪ್ಪು ಮಾಡ್ದೆ,” ಎಂದಳು.

ಮುದುಕರು ಅವಳನ್ನೇ ದಿಟ್ಟಿಸಿದರು. “ಇಪ್ಪತ್ತಾರು ವರ್ಷದ ದೋಣಿ ಅದು,” ಎಂದಷ್ಟೇ ಹೇಳಿ ಮುಂದೆ ನಡೆದರು.

ಏಳು ತಿಂಗಳು ಅವರು ಅವಳ ಸಲಾಮಿಗೆ ಮರುಮಾತಾಡಲಿಲ್ಲ. ಅಕ್ಟೋಬರಿನಲ್ಲಿ ಬೇರೊಂದು ದೋಣಿ ಕೊಂಡ ಮಾರನೆಯ ದಿನ ಕಚೇರಿಗೆ ಬಂದು ಅವಳೆದುರು ಕೂತರು.

“ಹೊಸದರ ಹೆಸ್ರು ಬರ್ಕೋ ಮಗಳೇ.”

ಅವಳು ಬರೆದುಕೊಂಡಳು. ಅವರ ಕಣ್ಣೆದುರಿಗೇ ಒಂದು ಪರೀಕ್ಷೆಯ ಸಂದೇಶ ಕಳಿಸಿದಳು. ಅವರ ಜೇಬಿನಲ್ಲಿ ಫೋನ್ ಸದ್ದಾಯಿತು.