ಕೆಂಪು ಕೊಂಡಿ

ಬೀದರಿನ ನೌಬಾದಿನಲ್ಲಿರುವ ನಮ್ಮ ವೆಲ್ಡಿಂಗ್ ಅಂಗಡಿಗೆ ಬಂಪರ್ ಮಾಡಿಸಲು ಬರುವವರು ನನ್ನನ್ನು ಜಗಳಗಂಟಿ ಅನ್ನುತ್ತಾರೆ. ಅನ್ನಲಿ. ಪಿಕಪ್ಪಿಗೆ ದಪ್ಪ ಕಬ್ಬಿಣದ ಬಂಪರ್ ಬೇಕು, ಮುಂದೆ ಎಳೆಯುವ ಕೊಂಡಿಯೂ ಬೇಕು, ಆದರೆ ಚಾಸಿಗೆ ಮಾತ್ರ ತೂತು ಹಾಕಬೇಡಿ ಎಂದು ಯಾರಾದರೂ ಅಂದರೆ, ನನ್ನ ಗಂಡ ಬಾಯಿ ತೆರೆಯುವ ಮೊದಲೇ ನಾನು ಎದ್ದು ನಿಲ್ಲುತ್ತೇನೆ. ಚಾಸಿ ಅಂದರೆ ಗಾಡಿಯ ಬೆನ್ನೆಲುಬು. ಎಂಜಿನ್ನು, ಹೊರೆ, ಜನ ಎಲ್ಲ ಕೂತಿರುವುದು ಅದರ ಮೇಲೆ. ಕೊಂಡಿ ಅದನ್ನು ಹಿಡಿದುಕೊಂಡಿದ್ದರೆ ಮಾತ್ರ ಇನ್ನೊಂದು ಗಾಡಿ ಎಳೆಯಬಹುದು. ಬಂಪರ್ ಎಷ್ಟೇ ದಪ್ಪವಿರಲಿ, ಅದನ್ನು ಹಿಡಿದ ಬೋಲ್ಟು ಕಿರುಬೆರಳಿನಷ್ಟಿದ್ದರೆ ಎಳೆತವೆಲ್ಲ ಆ ಕಿರುಬೆರಳಿನ ಮೇಲೆ. ಬಂದವರು ಬಂಪರಿಗೆ ಕಾಲಿನಿಂದ ಒದ್ದು ನೋಡಿ "ಮಜಬೂತ್ ಅದ" ಅನ್ನುತ್ತಾರೆ. ಗಾಡಿಯ ಕೆಳಗೆ ಮಲಗಿ ಬೋಲ್ಟು ನೋಡಿದವರನ್ನು ನಾನು ಈವರೆಗೆ ಕಂಡಿಲ್ಲ.

ನನ್ನ ತಮ್ಮನ ಗಾಡಿಗೆ ಬಂಪರ್ ಮಾಡಿದಾಗಲೂ ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ. ಅದನ್ನೇ ಬರೆಯಲು ಕೂತಿದ್ದೇನೆ.

ನಮ್ಮ ಅಂಗಡಿಯಲ್ಲಿ ಗಂಡ ವೆಲ್ಡಿಂಗ್ ಮಾಡುತ್ತಿದ್ದರು, ನಾನು ಬಣ್ಣ ಹಚ್ಚುತ್ತಿದ್ದೆ. ಔರಾದ ಕಡೆಯ ನನ್ನ ತವರಿನವರಿಗೆ ಈ ಸಂಬಂಧ ಎಂದೂ ಮನಸ್ಸಿಗೆ ಬಂದಿರಲಿಲ್ಲ. ನಮ್ಮ ಮನೆಯಲ್ಲಿ ಮಾಸ್ತರರಿದ್ದರು, ಕಚೇರಿಯಲ್ಲಿ ಕೂರುವವರಿದ್ದರು. ಅವ್ವ ನನ್ನ ಗಂಡನನ್ನು "ಕಬ್ಬಣ ಕಡ್ಯಾಂವ" ಅನ್ನುತ್ತಿದ್ದಳು, ನನ್ನ ಮುಂದೆಯೇ. ಹನ್ನೊಂದು ವರ್ಷ ಆ ಮಾತನ್ನು ಕೇಳಿಸಿಕೊಂಡವಳು ನಾನು.

ಆಗ ಬರಗಾಲ, ಒಂದರ ಮೇಲೊಂದು ವರ್ಷ. ಮಾಂಜ್ರಾ ನದಿಯ ಸೇತುವೆ ಮೇಲಿಂದ ಬಗ್ಗಿ ನೋಡಿದರೆ ಬರೀ ಕಲ್ಲು. ಊರಿಗೆ ಊರೇ ಪಾತ್ರೆ, ಸ್ಟೋವು, ಹಾಸಿಗೆ ಕಟ್ಟಿಕೊಂಡು ಹೈದರಾಬಾದಿನ ಕಡೆ, ಪುಣೆಯ ಕಡೆ ಹೊರಟಿತ್ತು. ನನ್ನ ತಮ್ಮ ಹೊಸ ಪಿಕಪ್ ತಗೊಂಡಿದ್ದ. ಹಳ್ಳಿಯ ಜನರನ್ನು ಭಾಲ್ಕಿ ಸ್ಟೇಷನ್ನಿಗೆ ಬಿಡುವುದು, ಬರುವಾಗ ನೀರಿನ ಟಾಕಿ ತುಂಬಿಸಿಕೊಂಡು ಬರುವುದು ಅವನ ದುಡಿಮೆ. ದಾರಿಯ ಗಾಡಿಗಳಿಗೆಲ್ಲ ದೊಡ್ಡ ಬಂಪರ್ ಇರುವುದನ್ನು ನೋಡಿ ಅವನಿಗೂ ಆಸೆಯಾಯಿತು. ಅವ್ವನನ್ನೂ ಕೂರಿಸಿಕೊಂಡು ನಮ್ಮ ಅಂಗಡಿಗೆ ಬಂದ.

ಅವ್ವನದು ಒಂದೇ ಕಟ್ಟಪ್ಪಣೆ: "ಮೊದಲ್ನೇ ದಸರಾ ಪೂಜಿ ಆಗೋತನಕ ಹೊಸಾ ಗಾಡಿ ಎಲುಬಿಗಿ ತೂತ ಹಾಕಬ್ಯಾಡ್ರಿ. ನಮಗ ಆಗಿಬರಂಗಿಲ್ಲ."

ಗಂಡ ಒಂದು ಸಲ ನನ್ನ ಮುಖ ನೋಡಿದರು. ಗಾಡಿಯ ಮೂಲ ಬಂಪರ್ ತಗಡಿನದು. ಅದನ್ನು ಬಿಚ್ಚಿ, ಅದೇ ಸಣ್ಣ ಬೋಲ್ಟುಗಳಿಗೇ ನಮ್ಮ ಭಾರದ ಬಂಪರನ್ನು ತೂಗುಹಾಕಿದರು. ಗಾಡಿಯ ಜೊತೆಗೇ ಬಂದ ಎಳೆಯುವ ಕೊಂಡಿ ಚಾಸಿಗೇ ಇತ್ತು, ಕೆಳಗೆ ಸಣ್ಣದಾಗಿ. ನಮ್ಮ ಬಂಪರ್ ಅದನ್ನು ಪೂರ್ತಿ ಮುಚ್ಚಿಬಿಟ್ಟಿತು. ತಮ್ಮ ಕೇಳಿದ ಎಂದು ಬಂಪರಿನ ನಟ್ಟನಡುವೆ ಹೊಸದೊಂದು ಕೊಂಡಿ ಬೆಸೆದರು, ಮುಷ್ಟಿಗಾತ್ರದ್ದು.

ನಾನು ಬಣ್ಣದ ಡಬ್ಬಿ ತೆರೆಯುವಾಗ ಗಂಡ ಹತ್ತಿರ ಬಂದು ಮೆಲ್ಲಗೆ ಹೇಳಿದರು, "ಇದು ಖಾಲಿ ಶೋಕಿಗಿ ಅದ. ಇದಕ್ಕ ಸರಪಳಿ ಕಟ್ಟಿ ಎಳದ್ರ ಬಂಪರೇ ಕಿತ್ಗೊಂಡು ಬರ್ತದ. ನಿನ್ನ ತಮ್ಮಗ ನೀನೇ ಹೇಳು. ನಾ ಹೇಳಿದ್ರ ಇಂವಗ ಕೆಲಸ ಬರಂಗಿಲ್ಲ ಅಂತ ತಿಳ್ಕೋತಾರ ನಿಮ್ಮವರು."

ಹೂಂ ಅಂದೆ. ಬಂಪರಿಗೆ ಕಪ್ಪು ಹಚ್ಚಿದೆ. ಯಾರದೋ ಗೇಟಿಗೆ ತಂದ ಕೆಂಪು ಬಣ್ಣ ಉಳಿದಿತ್ತು. ಕೊಂಡಿಗೆ ಅದನ್ನು ಎರಡು ಕೈ ಹಚ್ಚಿದೆ. ಲಾರಿಗಳಲ್ಲಿ ಎಳೆಯುವ ಕೊಂಡಿಗೆ ಕೆಂಪು ಇರುವುದನ್ನು ನೋಡಿದ್ದೆ. ಅದನ್ನು ಕಂಡರೆ ಡ್ರೈವರುಗಳು ಸರಪಳಿಯನ್ನು ಅಲ್ಲೇ ಕಟ್ಟುತ್ತಾರೆ ಎಂಬುದೂ ತಿಳಿದಿತ್ತು. ಚೆಂದ ಕಾಣಲಿ, ನನ್ನ ತಮ್ಮನ ಗಾಡಿ ಅಂತ ಹಚ್ಚಿದೆ.

ಬಣ್ಣ ಒಣಗಿದ ಮೇಲೆ ತಮ್ಮ ಬಂಪರಿನ ಮೇಲೆ ಹತ್ತಿ ಕುಣಿದು ನೋಡಿದ. "ಮಾವಾ, ಮಸ್ತ್ ಮಾಡೀರಿ. ಇಂಥಾ ಕೆಲಸ ಹೈದರಾಬಾದಿನಾಗೂ ಆಗಂಗಿಲ್ಲ" ಅಂದ ನನ್ನ ಗಂಡನಿಗೆ. ಅವ್ವ ಕೊಂಡಿಗೆ ಕುಂಕುಮ ಹಚ್ಚಿ, ನಿಂಬೆಹಣ್ಣು ಕಟ್ಟಿ, ನನ್ನ ಗಂಡನ ಕಡೆ ತಿರುಗಿ, "ಅಳಿಯಂದ್ರ ಕೈ ಚಲೋ ಅದ" ಅಂದಳು. ಹನ್ನೊಂದು ವರ್ಷದಲ್ಲಿ ಮೊದಲ ಸಲ. ನನ್ನ ಎದೆ ಉಬ್ಬಿಹೋಯಿತು. ಆ ಹೊತ್ತಿನಲ್ಲಿ "ತಮ್ಮಾ, ಈ ಕೊಂಡಿ ನೋಡ್ಲಿಕ್ಕಷ್ಟೇ ಅದ" ಅನ್ನಲು ನನಗೆ ಮನಸ್ಸಾಗಲಿಲ್ಲ. ಮುಂದಿನ ಸಲ ಬಂದಾಗ ಹೇಳಿದರಾಯಿತು ಅಂದುಕೊಂಡೆ. ಅವನು ಆಮೇಲೆ ನಾಲ್ಕು ಸಲ ಬಂದ. ನಾಲ್ಕು ಸಲವೂ ಚಹಾ ಕೊಟ್ಟು ಕಳಿಸಿದೆ.

ಆ ಬೇಸಿಗೆಯ ಒಂದು ಬೆಳಿಗ್ಗೆ ತಮ್ಮ ನೀರು ಸಿಗದೆ ಭಾಲ್ಕಿಯಿಂದ ಖಾಲಿ ಗಾಡಿಯಲ್ಲಿ ವಾಪಸು ಬರುತ್ತಿದ್ದ. ದಾರಿಯಲ್ಲಿ ಒಂದು ಹಳ್ಳ. ಸೇತುವೆ ಕಟ್ಟುವ ಕೆಲಸ ಅರ್ಧಕ್ಕೆ ನಿಂತು, ಗಾಡಿಗಳು ಒಣಗಿದ ಹಳ್ಳದೊಳಗೇ ಇಳಿದು ಹತ್ತಬೇಕಿತ್ತು. ಎದುರಿನಿಂದ ಸ್ಟೇಷನ್ನಿಗೆ ಹೊರಟ ಒಂದು ಟೆಂಪೋ ಸಡಿಲ ಮರಳಿನಲ್ಲಿ ಹೂತಿತ್ತು. ಅದರಲ್ಲಿದ್ದವರು ಪುಣೆಯ ಕಡೆ ಇಟ್ಟಂಗಿ ಭಟ್ಟಿಗೆ ಹೋಗುವ ಜನ. ಎಲ್ಲ ಕೆಳಗಿಳಿದು ತಳ್ಳಿ ಸಾಕಾಗಿ ನಿಂತಿದ್ದರು. ರೈಲಿನ ಹೊತ್ತಾಗಿತ್ತು. ತಮ್ಮ ದಂಡೆಯ ಗಟ್ಟಿ ನೆಲದಲ್ಲಿ ಗಾಡಿ ನಿಲ್ಲಿಸಿ, ಹಿಂದಕ್ಕೆ ಹೋಗುತ್ತ ಎಳೆಯುತ್ತೇನೆ ಅಂದ.

ಟೆಂಪೋದವನು ಎರಡೂ ಗಾಡಿಗೆ ಸರಪಳಿ ಕಟ್ಟಿದ. ತಮ್ಮ ಮೊದಲ ಸಲ ಮೆಲ್ಲಗೆ ಎಳೆದ, ಟೆಂಪೋ ಕದಲಲಿಲ್ಲ. ಎರಡನೇ ಸಲ ಒಂದು ಮಾರು ಮುಂದೆ ಬಂದು, ಸರಪಳಿ ಸಡಿಲ ಬಿಟ್ಟು, ಒಮ್ಮೆಲೇ ಜಗ್ಗಿದ. ಹಾಗೆ ಜಗ್ಗಬಾರದು. ಸರಪಳಿಯ ಮೇಲೆ ದಪ್ಪ ಗೋಣಿ ಹಾಕಿರಬೇಕು, ಅದರ ಹತ್ತಿರ ಒಂದು ನರಪಿಳ್ಳೆಯೂ ನಿಂತಿರಬಾರದು. ಇದನ್ನು ಅವನಿಗೆ ಹೇಳಿಕೊಟ್ಟವರಿರಲಿಲ್ಲ. ಬೋಲ್ಟುಗಳು ಪಟಪಟ ತುಂಡಾಗಿ, ಬಂಪರಿಗೆ ಬಂಪರೇ ಸರಪಳಿಯ ಜೊತೆ ಟೆಂಪೋ ಕಡೆ ಹಾರಿತು. ಟೆಂಪೋ ಬಾಗಿಲ ಬಳಿ ನಿಂತ ಒಬ್ಬ ಹೆಣ್ಣುಮಗಳ ಬಲಗಾಲಿಗೆ ಬಡಿಯಿತು. ಬೀದರಿನ ಆಸ್ಪತ್ರೆಯಲ್ಲಿ ಆ ಕಾಲನ್ನು ಮೊಣಕಾಲಿನ ಕೆಳಗೆ ತೆಗೆದರು.

ಸಂಜೆ ಗಂಡ ತುಂಡಾದ ಬೋಲ್ಟು ತಂದು ನನ್ನ ಮುಂದಿಟ್ಟರು. "ಹೇಳಿದ್ದಿ ಏನು ಅವಗ?" ಅಂದರು.

"ಇಲ್ಲ" ಅಂದೆ. ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಒಳ್ಳೆಯದಿತ್ತು.

ಮರುದಿನದಿಂದ ನಾನು ಆಸ್ಪತ್ರೆಯಲ್ಲಿದ್ದ ಆ ಹೆಣ್ಣುಮಗಳಿಗೆ ಊಟದ ಡಬ್ಬಿ ಒಯ್ಯತೊಡಗಿದೆ. ಪಿಕಪ್ಪಿನವನ ಅಕ್ಕ ಎಂದು ಹೇಳಿಕೊಂಡೆ, ಅಷ್ಟೇ. ಅವಳು ನನಗಿಂತ ಸ್ವಲ್ಪ ಚಿಕ್ಕವಳು, ಮಾತು ಬಹಳ. ಮೊದಲ ದಿನವೇ ಹೇಳಿದಳು, "ನಿಮ್ಮ ತಮ್ಮಂದೇನೂ ತಪ್ಪಿಲ್ಲರಿ ಅಕ್ಕಾ. ಟೆಂಪೋದಾಂವ ಸರಪಳಿ ಹಿಡದು ನಿಮ್ಮ ತಮ್ಮನ ಗಾಡಿ ಕೆಳಗ ಮಣ್ಣಾಗ ಹೊಳ್ಳಾಡ್ತಿದ್ದ, ಎಲ್ಲಿ ಕಟ್ಟಲಿ ಅಂತ. ನಾನೇ ಅಂದೆ, ಇಷ್ಟು ದೊಡ್ಡ ಕೆಂಪು ಕೊಂಡಿ ಕಣ್ಣಮುಂದ ಅದ, ಅಲ್ಲಿ ಕಟ್ಟಬಾರದೇನೋ ಅಂತ. ಸುಮ್ನ ಇರಬೇಕಾಗಿತ್ತು ನಾ."

ನಾನು ರೊಟ್ಟಿ ಮುರಿದು ಅವಳ ತಟ್ಟೆಗೆ ಹಾಕಿದೆ, ಪುಂಡಿಪಲ್ಯ ಬಡಿಸಿದೆ.

ಅವಳ ಗಂಡ ಪಕ್ಕದಲ್ಲೇ ಇರುತ್ತಿದ್ದ. ಅವಳ ಜೊತೆ ಮಾತಾಡುತ್ತಿರಲಿಲ್ಲ. ನನ್ನ ಕಡೆ ನೋಡಿ, "ಎಲ್ಲಾದ್ರಾಗೂ ಬಾಯಿ ಹಾಕ್ತಾಳ್ರಿ ಇಕಿ. ಗಂಡಸರು ನೋಡ್ಕೋತಿದ್ರು. ತನ್ನ ಕಾಲು ತಾನೇ ಕಡಕೊಂಡಳು" ಅನ್ನುತ್ತಿದ್ದ. ಅವಳು ತಲೆ ತಗ್ಗಿಸಿ ಉಣ್ಣುತ್ತಿದ್ದಳು. ಎಂಟನೇ ದಿನ ಅವನೂ ಭಟ್ಟಿಗೆ ಹೊರಟ. ಕೂತರೆ ಇಬ್ಬರಿಗೂ ಕೂಳಿರಲಿಲ್ಲ. ಹೋಗುವಾಗ ನನಗೆ ಕೈಮುಗಿದ. ಅವಳ ಕಡೆ ತಿರುಗಿಯೂ ನೋಡಲಿಲ್ಲ. ಅವಳು ಬಾಗಿಲ ಕಡೆಯೇ ನೋಡುತ್ತ ಬಹಳ ಹೊತ್ತು ಕೂತಿದ್ದಳು. ನಾನು ಡಬ್ಬಿಯ ಮುಚ್ಚಳ ಹಿಡಿದು ಅಲ್ಲೇ ಇದ್ದೆ. ಒಂದು ಮಾತು ಹೇಳಿದ್ದರೆ ಸಾಕಿತ್ತು. ಅಂಗಡಿಯ ಹೆಸರು ಹೋಗುತ್ತದೆ, ಅವ್ವನ ಬಾಯಿಗೆ ಸಿಗುತ್ತೇವೆ ಎಂದು ನಾಲಗೆ ಕಚ್ಚಿಕೊಂಡೆ. ನನ್ನಂಥ ಪಾಪಿ ಇನ್ನೊಬ್ಬಳಿರಲಿಕ್ಕಿಲ್ಲ.

ಆಮೇಲೆ ಅವಳ ಮಾತು ಕಡಿಮೆಯಾಯಿತು. ನರ್ಸ್ ಏನು ಕೇಳಿದರೂ "ನನಗೇನ್ ತಿಳೀತದ್ರಿ" ಅನ್ನತೊಡಗಿದಳು. ಪಕ್ಕದ ಹಾಸಿಗೆಯವಳ ಸಲೈನ್ ಮುಗಿದು ಬಾಟಲಿ ಖಾಲಿಯಾದದ್ದು ಅವಳಿಗೆ ಕಂಡಿತ್ತು. ಆದರೂ ಯಾರನ್ನೂ ಕರೆಯದೆ ಕೂತಿದ್ದಳು. ಯಾಕ ಹೇಳಲಿಲ್ಲ ಅಂತ ನಾನು ಕೇಳಿದೆ. "ನಾ ಹೇಳಿದ್ದು ಎಲ್ಲಿ ಚಲೋ ಆಗ್ತದ್ರಿ ಅಕ್ಕಾ" ಅಂದಳು. ನನಗೆ ತಡೆಯಲಾಗಲಿಲ್ಲ.

"ನೀ ಹೇಳಿದ್ದು ಖರೇನೇ ಇತ್ತು" ಅಂದೆ. "ಕೆಂಪು ಕೊಂಡಿ ಅಂದ್ರ ಅಲ್ಲೇ ಕಟ್ಟೋದು. ಅದನ್ನ ಬೆಸೆದಾಂವ ನನ್ನ ಗಂಡ. ಕೆಂಪು ಹಚ್ಚಿದಾಕಿ ನಾ. ಅದು ಎಳೆಯೋ ಕೊಂಡಿ ಅಲ್ಲ ಅಂತ ನಮಗ ಗೊತ್ತಿತ್ತು. ತಮ್ಮಗ ಹೇಳಲಿಲ್ಲ ನಾ. ತಪ್ಪು ನಿಂದಲ್ಲ, ನಂದು."

ಅವಳು ಕೂಗಾಡಲಿಲ್ಲ. ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟಳು.

"ಮೊದಲನೇ ದಿನಾನೇ ಗೊತ್ತಿತ್ತೇನ್ರಿ ನಿಮಗ?"

"ಗೊತ್ತಿತ್ತು."

"ಅಂವ ಹೋಗೋ ದಿನ ನೀವು ಇಲ್ಲೇ ಕುಂತಿದ್ರಿ."

ಹೌದು ಅಂದೆ.

"ಆವತ್ತು ಹೇಳಿದ್ರ ಅಂವ ನನ್ನ ಕಡಿ ಒಮ್ಮೆ ನೋಡಿ ಹೋಗ್ತಿದ್ನ್ರಿ" ಅಂದಳು.

ತಟ್ಟೆಯಲ್ಲಿದ್ದ ಅರ್ಧ ರೊಟ್ಟಿಯನ್ನು ಡಬ್ಬಿಯೊಳಗೆ ಹಾಕಿ, ಮುಚ್ಚಳ ಒತ್ತಿ ಮುಚ್ಚಿ, ಹಾಸಿಗೆಯ ಮೇಲಿಂದ ನನ್ನ ಕಡೆ ಸರಿಸಿದಳು. ಮರುದಿನ ಡಬ್ಬಿ ತಗೊಂಡು ಹೋದೆ. ಅವಳು ಆಸ್ಪತ್ರೆಯ ಗಂಜಿ ಕುಡಿಯುತ್ತಿದ್ದಳು.