ತವರಿನಲ್ಲಿ ಬಾಟಲಿ ನೀರು

ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ನೀರು, ಆಮೇಲೆ ಮಾತು. ಕಾಲಿಗೊಂದು ಚರಿಗೆ, ಕುಡಿಯಲಿಕ್ಕೊಂದು ತಂಬಿಗೆ, ಜೊತೆಗೆ ಬೆಲ್ಲದ ಚೂರು. ಆದರೆ ಇದೆಲ್ಲ ಬೀಗರಿಗೆ, ಬಂದುಹೋಗುವವರಿಗೆ. ಮನೆಮಗಳಿಗೆ ಯಾರೂ ನೀರು ತಂದುಕೊಡುವುದಿಲ್ಲ. ಆಕೆ ಚಪ್ಪಲಿ ಬಿಟ್ಟವಳೇ ಸೀದಾ ಅಡುಗೆಮನೆಗೆ ನುಗ್ಗಿ, ಕೊಡದಲ್ಲಿ ತಂಬಿಗೆ ಅದ್ದಿ ತಾನೇ ಕುಡಿಯುತ್ತಾಳೆ.

ಆ ಹಕ್ಕು ಇನ್ನೂ ಇದೆ ಎಂದು ನಂಬಿಯೇ ಹೋದ ವರ್ಷ ಸೇಡಂನಲ್ಲಿ ಚಿತ್ತಾಪುರದ ಬಸ್ಸು ಹತ್ತಿದೆ. ಶಾಲೆಯ ನೌಕರಿ ಮುಗಿದಿತ್ತು. ಗಂಡ ತೀರಿಹೋಗಿ ಬಹಳ ಕಾಲವಾಗಿದೆ, ಮಕ್ಕಳಿಲ್ಲ. ಬಾಡಿಗೆ ಮನೆಯಲ್ಲಿ ಟಿ.ವಿ. ಜೊತೆ ಜಗಳವಾಡಿ ಸಾಕಾಗಿತ್ತು. ಅದು ತಿರುಗಿ ಬೈಯುವುದೂ ಇಲ್ಲವಲ್ಲ! ಕಾಗಿಣಾ ಹೊಳೆಯ ದಂಡೆಯ ನನ್ನ ತವರಿನಲ್ಲಿ ತಮ್ಮನ ಮನೆಗೆ ಹತ್ತಿದ ಒಂದು ಖೋಲಿ ಖಾಲಿ ಬಿದ್ದಿತ್ತು. ಅಲ್ಲೇ ಬಂದು ಇರುತ್ತೇನೆ ಎಂದು ಕೇಳುವುದಿತ್ತು. ಕೇಳುವುದೇನು ಬಂತು, ಹೇಳುವುದು. ಅವನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ನಾನು.

ಪಡಸಾಲೆಗೆ ಕಾಲಿಟ್ಟ ಕೂಡಲೇ ತಮ್ಮನ ಹೆಂಡತಿ ಕುರ್ಚಿ ಹಾಕಿದಳು. ಕಪಾಟಿನ ಮೇಲಿಂದ ಬಾಟಲಿ ನೀರು ತೆಗೆದು, ನನ್ನ ಕಣ್ಣೆದುರೇ ಸೀಲು ಒಡೆದು ಕೈಗಿಟ್ಟಳು.

"ತಗೋರಿ ಅಕ್ಕಾರ. ನೀವ್ ಬರ್ತೀರಂತ ತರ್ಸೀವಿ."

"ಇದ್ಯಾಕ? ಮನ್ಯಾಗ ನೀರಿಲ್ಲೇನ?"

"ನೀರ್ ಅದಾವ, ಆದ್ರ ನಿಮಗ ಬ್ಯಾಡ್ರಿ."

ನಿಮಗೆ ಬೇಡ ಅಂದರೇನು? ಬಾಟಲಿಯನ್ನು ಕುರ್ಚಿಯ ಮೇಲೆ ಕುಕ್ಕಿ ಅಡುಗೆಮನೆಗೆ ನಡೆದೆ. ಆಕೆ "ಅಕ್ಕಾರ, ಅಕ್ಕಾರ" ಅನ್ನುತ್ತ ಹಿಂದೆ ಬಂದಳು.

ಕೊಡದ ಒಳಗೋಡೆಗೆಲ್ಲ ಸುಣ್ಣ ಬಳಿದಂತೆ ಬಿಳಿ ಹೆಪ್ಪು ಕಟ್ಟಿತ್ತು. ನಾನು ಹುಡುಗಿಯಾಗಿದ್ದಾಗ ಹೊಳೆಯ ಉಸುಕಿನಲ್ಲಿ ಕೈಯಿಂದ ಕುಣಿ ತೋಡಿದರೆ ತಿಳಿನೀರು ಒಸರುತ್ತಿತ್ತು. ಈಗ ಉಸುಕೂ ಇಲ್ಲ. ಮೇಲಿನ ಪಟ್ಟಣಗಳ ಗಟಾರವೆಲ್ಲ ಹೊಳೆಗೇ ಬಂದು ಬೀಳುತ್ತದೆ. ಬೋರಿನಲ್ಲಿ ಉಪ್ಪುನೀರು. ಊರ ಮುಂದಿನ ಫಿಲ್ಟರ್ ನೀರಿನ ಮಷೀನು ಕೆಟ್ಟು, ಬಾಗಿಲಿಗೆ ಬೀಗ ಬಿದ್ದಿತ್ತು. ಜಗತ್ತಿನಲ್ಲಿ ಸಿಹಿನೀರು ಮುಗಿಯುತ್ತ ಬಂದಿದೆ ಎಂದು ಪೇಪರಿನಲ್ಲಿ ಎಷ್ಟು ಸಲ ಓದಿ, ಅಯ್ಯೋ ಪಾಪ ಎಂದು ಪುಟ ತಿರುವಿದ್ದೆನೋ. ಒಮ್ಮೆಯೂ ಈ ಅಡುಗೆಮನೆ ನೆನಪಿಗೆ ಬಂದಿರಲಿಲ್ಲ.

ಹಟಕ್ಕೆ ಬಿದ್ದು ತಂಬಿಗೆ ಅದ್ದಿ ಬಾಯಿಗಿಟ್ಟೆ. ಒಂದು ಗುಟುಕು ಇಳಿಯುವಷ್ಟರಲ್ಲಿ ತಂಬಿಗೆ ಬಾಯಿಂದ ಸರಿಸಿದೆ. ಉಪ್ಪು, ಮೇಲೆ ಕೊಳೆತ ಎಲೆಯಂಥ ವಾಸನೆ. ಅಷ್ಟರಲ್ಲಿ ಹೊಲದಿಂದ ಬಂದ ತಮ್ಮ ಓಡಿಬಂದು ತಂಬಿಗೆ ಕಸಿದುಕೊಂಡ.

"ತಲಿ ಕೆಟ್ಟದೇನ್ ನಿಂದು? ಹೊರಗಿನೋರಿಗಿ ಈ ನೀರು ತಡಿಯಂಗಿಲ್ಲ!"

ಹೊರಗಿನವರು. ಅವನು ಬೈದದ್ದು ನನಗೆ ಕೇಳಿಸಲೇ ಇಲ್ಲ, ಆ ಒಂದು ಮಾತಷ್ಟೇ ಕೇಳಿಸಿತು. ಅವನೋ, ಬಿಸಿಲಿನಲ್ಲಿ ಬಂದವನು, ನನ್ನ ಕೈಯಿಂದ ಕಸಿದ ಅದೇ ತಂಬಿಗೆ ಎತ್ತಿ ಗಟಗಟ ಕುಡಿದ. ಹೊಟ್ಟೆಯಲ್ಲಿ ಹರಳಾಗಿ ಕಲಬುರಗಿಯ ದವಾಖಾನೆಯಲ್ಲಿ ಮಲಗಿ ಎದ್ದು ಬಂದವನು ಅವನು.

"ನೀ ಕುಡೀಬಹುದು, ನಾ ಕುಡೀಬಾರ್ದು?" ಎಂದೆ.

"ನಮಗ ಗತಿ ಇಲ್ಲಕ್ಕ, ಕುಡಿಲಿಕತ್ತೀವಿ. ನಿನಗ ಗತಿ ಅದಲ್ಲ."

"ನಾ ಇಲ್ಲೇ ಇರ್ಲಿಕ್ಕ ಬಂದೀನಿ. ಕಾಯಂ. ಆ ಖೋಲ್ಯಾಗ."

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ತಮ್ಮ ತಂಬಿಗೆ ಕೆಳಗಿಟ್ಟ.

"ಬ್ಯಾಡ ಅಂತ ಯಾರಂತಾರ? ನಿನ್ನ ಮನಿ ಅದ. ಆದ್ರ ದಿನಾ ನಿನಗ ನೀರು ಎಲ್ಲಿಂದ ತರ್ಲಿ?"

"ನೀವ್ ಕುಡಿಯೋದೇ ಕುಡೀತೀನಿ."

"ನನ್ನ ಕೈಲಿಂದ ನಿನಗ ಇದು ಕುಡಿಸಂತೀ? ಆಗಂಗಿಲ್ಲಕ್ಕ. ಅದೊಂದು ನನ್ನ ಕೈಲಿಂದ ಆಗಂಗಿಲ್ಲ."

ಆಸ್ತಿಗಾಗಿ ತಂಟೆ ತೆಗೆದಿದ್ದರೆ ನಾನು ಬಿಡುವವಳಲ್ಲ. ಊರು ಕೂಡಿಸುತ್ತಿದ್ದೆ, ಕಚೇರಿಯ ಮೆಟ್ಟಿಲು ಹತ್ತುತ್ತಿದ್ದೆ, ಗೆಲ್ಲುತ್ತಿದ್ದೆ. ಅವನ ಹೆಂಡತಿ ಮುಖ ಸಿಂಡರಿಸಿದ್ದರೂ ಒಂದು ಕೈ ನೋಡಿಕೊಳ್ಳುತ್ತಿದ್ದೆ. ಪ್ರೀತಿಯಿಂದ ಬಾಗಿಲು ಹಾಕಿದರೆ ಯಾರ ಹತ್ತಿರ ಹೋಗಿ ಜಗಳ ಮಾಡಲಿ? ಆಕೆ ಮತ್ತೆ ಬಾಟಲಿ ತಂದು ಕೈಗೆ ಕೊಟ್ಟಳು. ಅಳುತ್ತಲೇ ಕುಡಿದೆ. ಸಿಹಿಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಅವರಿಬ್ಬರೂ ನಾನು ಕುಡಿಯುವುದನ್ನೇ ನೋಡುತ್ತ ನಿಂತಿದ್ದರು.

ಸೇಡಂನ ಬಾಡಿಗೆ ಮನೆಗೇ ಮರಳಿದೆ. ಅಂಗಡಿಯವನು ಕ್ಯಾನು ತಂದಿಟ್ಟು ಹೋಗುತ್ತಾನೆ. ತುಂಬಿದ ಸಂಸಾರಕ್ಕೆಂದು ಮಾಡಿದ ಕ್ಯಾನು ಅದು; ಒಬ್ಬಳೇ ಕುಡಿದು ಮುಗಿಸುವಷ್ಟರಲ್ಲಿ ನೀರು ಹಳಸುತ್ತದೆ. ಉಳಿದದ್ದನ್ನು ಗಿಡಕ್ಕೆ ಹಾಕುವಾಗ ತಮ್ಮನ ಮನೆ ನೆನಪಾಗುತ್ತದೆ.

ತವರಿಗೆ ಹೋಗುವುದನ್ನು ಬಿಟ್ಟಿಲ್ಲ. ಈಗ ನನ್ನ ನೀರು ನಾನೇ ಒಯ್ಯುತ್ತೇನೆ. ಅವರಿಗೂ ಒಂದು ಕ್ಯಾನು ತುಂಬಿ ಒಯ್ದಿದ್ದೆ. ಬೀಗರು ಬಂದರೆ ಬೇಕಾಗುತ್ತದೆ ಎಂದು ಮುಟ್ಟದೇ ಎತ್ತಿಟ್ಟರು. ತಮ್ಮ ಪಕ್ಕದಲ್ಲಿ ಕೂತು ತೊಗರಿಯ ಮಾತು, ಊರ ಮಾತು ಆಡುತ್ತಾನೆ, ನಗಿಸುತ್ತಾನೆ. ನಡುನಡುವೆ ಅವನ ಕಣ್ಣು ನನ್ನ ಬಾಟಲಿಯ ಕಡೆ ಹೋಗುತ್ತಿರುತ್ತದೆ. ಅದರ ತಳ ಕಾಣುತ್ತ ಬಂದಾಗ ಅವನೇ ಎದ್ದು ನನ್ನ ಚೀಲ ಕೈಗೆತ್ತಿಕೊಳ್ಳುತ್ತಾನೆ.

"ನಡಿ ಅಕ್ಕ, ಬಸ್ಸಿನ ಹೊತ್ತಾತು."